ಅಡ್ಡ ಮಗು, ಬಿಚ್ಚಿಬಿಟ್ಟ ಎತ್ತು

ಮೊನ್ನೆ ನನ್ನ ತಂಗಿಯ ಮೊಮ್ಮಗಳು ಬಂದಿದ್ದಳು. ನರ್ಸಿಂಗ್ ಮುಗಿಸಿ ಹೆರಿಗೆ ವಾರ್ಡಿಗೆ ಹೊಸದಾಗಿ ಸೇರಿದ್ದಾಳೆ. "ಅಜ್ಜಿ, ನಿಮ್ ಕಾಲದಲ್ಲಿ ಸ್ಕ್ಯಾನಿಂಗ್ ಇರ್ಲಿಲ್ವಲ್ಲ, ಮಗು ಒಳಗೆ ಹೇಗಿದೆ ಅಂತ ಹೇಗ್ ಗೊತ್ತಾಗ್ತಿತ್ತು?" ಎಂದಳು. ಕೈಯಲ್ಲಿ ಅಂದೆ. ನಕ್ಕಳು. ನಗುವಂಥದ್ದು ನಾನೇನೂ ಹೇಳಿರಲಿಲ್ಲ. ಅವಳು ಹೋದ ಮೇಲೆ ಸಿಟ್ಟು ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಇಳಿದ ಮೇಲೆ ಇದನ್ನು ಬರೆಯಲು ಕೂತೆ. ಅವಳು ಓದಲಿ, ಅವಳ ಜೊತೆ ಸೇರಿರುವ ಹುಡುಗಿಯರೂ ಓದಲಿ.

ನನಗೆ ಯಾವಾಗ ಬಡ್ತಿ ಬಂತು, ಯಾವ ಸಾಹೇಬರು ಬಂದು ಹಾರ ಹಾಕಿದರು ಅನ್ನುವುದೆಲ್ಲ ಇಲ್ಲಿಲ್ಲ. ಆ ಹಾರ ಅವತ್ತೇ ಬಾಡಿತು. ಐವತ್ತರ ದಶಕದ ನಡುವಿನಿಂದ ಯಲಹಂಕದ ಸುತ್ತಿನ ಹಳ್ಳಿಗಳಿಗೆ ಹೆರಿಗೆ ಮಾಡಿಸುವ ನರ್ಸಾಗಿ ಓಡಾಡಿದವಳು ನಾನು. ಜನ ನರ್ಸಮ್ಮ ಎನ್ನುತ್ತಿದ್ದರು. ನನ್ನ ಹೆಸರು ಸಂಬಳ ಕೊಡುವವರಿಗೆ ಮಾತ್ರ ಗೊತ್ತಿತ್ತು. ಈಗ ಲೇಔಟ್ ಎನ್ನುತ್ತೀರಲ್ಲ, ಅಲ್ಲೆಲ್ಲ ಆಗ ರಾಗಿ ಹೊಲ, ದ್ರಾಕ್ಷಿ ತೋಟ. ಒಂದೂರಿಂದ ಇನ್ನೊಂದೂರಿಗೆ ಕೆರೆ ಏರಿಯ ಮೇಲೆ ನಡೆದೇ ಹೋಗಬೇಕು. ಹೆಗಲಿಗೆ ಒಂದು ಚೀಲ, ಅದರಲ್ಲಿ ಕತ್ತರಿ, ದಾರ, ಡೆಟಾಲು, ಮಗುವಿನ ಎದೆಬಡಿತ ಕೇಳುವ ಮರದ ಕೊಳವೆ. ಉಳಿದದ್ದೆಲ್ಲ ಕೈಯ ಮೇಲೆ.

ಆ ಕೈಗೆ ಬುದ್ಧಿ ಕಲಿಸಿದವರು ನಮ್ಮ ಆಸ್ಪತ್ರೆಯ ಡಾಕ್ಟರಮ್ಮ. ಅವರ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಹೊಗಳಿಸಿಕೊಳ್ಳುವುದು ಅವರಿಗೆ ಆಗುತ್ತಿರಲಿಲ್ಲ. ತೆಳ್ಳಗೆ, ಕುಳ್ಳಗೆ, ಬಿಳಿ ಸೀರೆ. ಬಾಯಿ ಬಿಟ್ಟರೆ ಬೈಗುಳವೇ. ಮೊದಲ ದಿನ ಒಬ್ಬ ಬಸುರಿಯ ಹೊಟ್ಟೆ ಮುಟ್ಟಿದ್ದೇ ತಡ, ಆಕೆ ಹೊಟ್ಟೆ ಬಿಗಿಹಿಡಿದಳು. ಡಾಕ್ಟರಮ್ಮ ನನ್ನ ಮಣಿಕಟ್ಟು ಹಿಡಿದು ಎತ್ತಿದರು.

"ಕೈ ಮಂಜುಗಡ್ಡೆ ಇದ್ದ ಹಾಗಿದೆ. ಹೋಗಿ ಬಿಸಿನೀರಲ್ಲಿ ಅದ್ದಿಕೊಂಡು ಬಾ. ಹೊಟ್ಟೆ ಗಟ್ಟಿಯಾದ್ರೆ ಮಗು ನಿನಗೇನ್ ಹೇಳತ್ತೆ?"

ಬೆಚ್ಚಗೆ ಮಾಡಿಕೊಂಡು ಬಂದ ಮೇಲೆ ಕಣ್ಣು ಮುಚ್ಚಿಸಿ ಕೇಳಿದರು: ತಲೆ ಎಲ್ಲಿ, ಬೆನ್ನು ಎಲ್ಲಿ, ಕೈಕಾಲು ಎಲ್ಲಿ. ತಲೆ ಗಟ್ಟಿ, ದುಂಡಗೆ, ಬೆರಳ ನಡುವೆ ಮೆಲ್ಲಗೆ ತಳ್ಳಿದರೆ ಓಲಾಡುತ್ತದೆ. ಕುಂಡಿ ಮೆತ್ತಗೆ, ಅಷ್ಟು ಓಲಾಡುವುದಿಲ್ಲ. ಬೆನ್ನು ಒಂದು ಪಕ್ಕಕ್ಕೆ ಉದ್ದಕ್ಕೆ ಸಪಾಟಾಗಿ ಸಿಗುತ್ತದೆ. ಕೈಕಾಲಿನ ಪಕ್ಕ ಬೆರಳಿಗೆ ಗಂಟುಗಂಟು. ತಲೆ ಕೆಳಗೆ, ಬೆನ್ನು ತಾಯಿಯ ಹೊಟ್ಟೆಯ ಕಡೆಗೆ ಇದ್ದರೆ ಸಲೀಸು; ಮಗು ಗದ್ದವನ್ನು ಎದೆಗೆ ಒತ್ತಿಕೊಂಡು ತಾನೇ ತಿರುಗಿ ಬರುತ್ತದೆ. ಬೆನ್ನು ತಾಯಿಯ ಬೆನ್ನಿಗೆ ಅಂಟಿದ್ದರೆ ಹೆರಿಗೆ ಎಳೆಯುತ್ತದೆ, ಸೊಂಟ ಸೀಳಿಹೋಗುವಂಥ ನೋವು. ಕುಂಡಿಯೋ ಕಾಲೋ ಮುಂದಾಗಿದ್ದರೆ ಮೈಯೆಲ್ಲ ಬಂದು ತಲೆ ಸಿಕ್ಕಿಕೊಳ್ಳುವ ಭಯ. ಅಡ್ಡವಾಗಿದ್ದರೆ ದಾರಿಯೇ ಇಲ್ಲ.

"ಬಾಯಿ ಸಣ್ಣ ಇರೋ ಮಡಕೆ ಒಳಗೆ ಸೌಟು ಅಡ್ಡ ಬಿದ್ದಿದೆ. ಎಳೆದ್ರೆ ಬರತ್ತಾ?" ಎಂದು ಡಾಕ್ಟರಮ್ಮ ಕೇಳಿದ್ದರು.

"ಇಲ್ಲ ಮೇಡಂ."

"ಎಳೆದ್ರೆ ಏನಾಗತ್ತೆ?"

"ಮಡಕೆ ಒಡೆಯತ್ತೆ."

"ಅಷ್ಟು ನೆನಪಿಟ್ಟುಕೋ, ಸಾಕು."

ಬೆನ್ನಿಗೆ ಅಂಟಿದ ಮಗುವಿನ ಕೇಸು ನನಗೆ ಮೊದಲು ಸಿಕ್ಕಿದ್ದು ಯಶವಂತಪುರದಲ್ಲಿ, ರೈಲ್ವೆಯವರ ಮನೆಯೊಂದರಲ್ಲಿ. ಆಕೆ ಹಿಂದಿನ ದಿನದಿಂದ ನರಳುತ್ತಿದ್ದಳು. ಮಲಗಬೇಡ, ನೆಲ ಒರೆಸುವ ಹಾಗೆ ಮಂಡಿಯೂರಿ, ಕೈಯೂರಿ ಇರು ಎಂದೆ. ಬಾಗಿಲ ಸಂದಿಯಿಂದ ಇಣುಕಿದ ಆಕೆಯ ಗಂಡ, "ಏನ್ರೀ ಇದು, ನೋವು ತಿಂತಿರೋಳ ಹತ್ರ ಮನೆ ಒರೆಸಿಸ್ತಿದೀರಲ್ರೀ" ಎಂದ. ನೀನು ಬಂದು ಒರೆಸು ಹಾಗಾದರೆ ಎಂದು ಬಾಗಿಲು ಹಾಕಿದೆ. ಸಂಜೆಗೆ ಮಗು ತಿರುಗಿತು, ಹುಟ್ಟಿತು. ಆಕೆ ಆಮೇಲೆ ಅತ್ತ ಅಳುವನ್ನು ಈಗಲೂ ಕೇಳಬಲ್ಲೆ. ಖುಷಿಯ ಅಳುವಲ್ಲ ಅದು, ಸುಸ್ತಿನ ಅಳು.

ಇನ್ನೊಂದು ಹೆಬ್ಬಾಳದ ಕಡೆಯ ತೋಟದ ಮನೆಯ ಕೇಸು. ಕಾಲು ಮುಂದಾಗಿ ಬಂದ ಗಂಡು ಮಗು. ಇಂಥ ಹೆರಿಗೆಯಲ್ಲಿ ನರ್ಸು ಮಾಡಬೇಕಾದ ಕಷ್ಟದ ಕೆಲಸವೆಂದರೆ ಏನೂ ಮಾಡದಿರುವುದು. ಕತ್ತಿನ ಹಿಂದಿನ ಕೂದಲು ಕಾಣುವವರೆಗೆ ಮಗುವನ್ನು ಎಳೆಯಬಾರದು. ಎಳೆದರೆ ಕೈ ಮೇಲಕ್ಕೆ ಹೋಗುತ್ತದೆ, ಗದ್ದ ಎತ್ತಿಕೊಳ್ಳುತ್ತದೆ, ತಲೆ ಸಿಕ್ಕಿಕೊಳ್ಳುತ್ತದೆ. ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಪಕ್ಕದಲ್ಲಿದ್ದ ಅಜ್ಜಿಗೆ ತಡೆಯಲಾಗಲಿಲ್ಲ. "ಮಗ ನೇತಾಡ್ತಾ ಐತೆ, ಇಡ್ಕೊಳೇ ಅಂದ್ರೆ ಬೊಂಬೆ ನೋಡ್ದಂಗೆ ನೋಡ್ತಾ ಕುಂತವಳಲ್ಲ" ಎಂದು ತಾನೇ ಕೈ ಹಾಕಲು ಬಂದಳು. ಆ ಕೈಗೆ ಒಂದು ಏಟು ಕೊಟ್ಟೆ. ಮಗು ಬದುಕಿತು. ಕಾಲು ಮುಂದಾಗಿ ಹುಟ್ಟಿದವರು ಒದ್ದರೆ ಸೊಂಟದ ಉಳುಕು ಹೋಗುತ್ತದೆ ಎಂದು ನಮ್ಮ ಕಡೆ ನಂಬುತ್ತಾರೆ. ಆ ಹುಡುಗ ಓಡಾಡುವಷ್ಟು ದೊಡ್ಡವನಾದ ಮೇಲೆ ಅವರ ಮನೆ ಮುಂದೆ ಉಳುಕಿನವರು ಬೋರಲು ಮಲಗುತ್ತಿದ್ದರು. ನಾನೂ ಒಂದು ಸಲ ಒದೆಸಿಕೊಂಡಿದ್ದೇನೆ. ನೋವೇನೂ ಕಡಿಮೆಯಾಗಲಿಲ್ಲ, ಆದರೆ ಒದ್ದದ್ದು ನಾನೇ ಕಾದು ಇಳಿಸಿಕೊಂಡ ಕಾಲು ಅಂತ ಮನಸ್ಸಿಗೆ ಹಿತವಾಯಿತು.

ಇಷ್ಟು ಸುಖದ ಮಾತು ಸಾಕು. ನಾನು ಬರೆಯಲು ಕೂತದ್ದು ಜಯಮ್ಮನ ವಿಷಯ.

ಜಯಮ್ಮ ಕೊಡಿಗೇಹಳ್ಳಿಯ ಸೊಸೆ. ಗಂಡ ಪಿಳ್ಳಪ್ಪ ತರಕಾರಿ ಬೆಳೆದು ಪೇಟೆಗೆ ಹಾಕುತ್ತಿದ್ದ. ಅತ್ತೆ ಹನುಮಕ್ಕ. ಹನುಮಕ್ಕನೆಂದರೆ ಆ ಊರಿನಲ್ಲಿ ಗಂಡಸರೂ ಎದ್ದು ನಿಲ್ಲುತ್ತಿದ್ದರು. ಚಿಕ್ಕ ವಯಸ್ಸಿಗೆ ಗಂಡನನ್ನು ಕಳೆದುಕೊಂಡು, ಒಬ್ಬಳೇ ಉತ್ತು ಬಿತ್ತಿ ಮಗನನ್ನು ಸಾಕಿದವಳು. ಸೊಸೆಯನ್ನು ಅಣ್ಣನ ಮನೆಯಿಂದಲೇ ತಂದಿದ್ದಳು, ಅಣ್ಣನ ಮಗಳೆಂದರೆ ಪ್ರಾಣ. ಕಥೆಗಳಲ್ಲಿ ಬರುವ ಅತ್ತೆ ಅಲ್ಲ ಇವಳು. ಜಯಮ್ಮನಿಗೆ ತಾನೇ ಎಣ್ಣೆ ಹಚ್ಚಿ ನೀರು ಹಾಕುತ್ತಿದ್ದಳು.

ಅವಳು ಚೊಚ್ಚಲ ಬಸುರಿ ಎನ್ನುವುದನ್ನೇ ನನಗೆ ಯಾರೂ ಹೇಳಿರಲಿಲ್ಲ. ದೃಷ್ಟಿಯಾಗುತ್ತದೆ ಎಂದು ಹೊರಗಿನವರಿಗೆ ತೋರಿಸುತ್ತಿರಲಿಲ್ಲ. ಒಂದು ಮಧ್ಯಾಹ್ನ ಪಿಳ್ಳಪ್ಪ ಆಸ್ಪತ್ರೆಗೆ ಓಡಿಬಂದ. ಬೆವರಿಗೆ ಅಂಗಿ ಮೈಗೆ ಅಂಟಿತ್ತು.

"ನರ್ಸಮ್ಮ, ಕೈ ಬಂದೈತೆ" ಎಂದ.

ಅಷ್ಟು ಸಾಕಾಗಿತ್ತು. ಕೈ ಮೊದಲು ಬಂತೆಂದರೆ ಮಗು ಅಡ್ಡ ಇದೆ ಎಂದೇ ಅರ್ಥ. ಡಾಕ್ಟರಮ್ಮ ಅವತ್ತು ಪೇಟೆಗೆ ಮೀಟಿಂಗಿಗೆ ಹೋಗಿದ್ದರು. ಇದ್ದಿದ್ದರೂ ನಮ್ಮ ಆಸ್ಪತ್ರೆಯಲ್ಲಿ ಆಪರೇಶನ್ನಿಗೆ ಅನುಕೂಲ ಇರಲಿಲ್ಲ. ಪೇಟೆಯ ದೊಡ್ಡಾಸ್ಪತ್ರೆಗೇ ಸಾಗಿಸಬೇಕು. ಅವನ ಸೈಕಲ್ಲಿನ ಹಿಂದೆ ಕೂತು ಹೊರಟೆ. ಗಾಡಿ ಇದೆಯೇನೋ ಎಂದು ದಾರಿಯಲ್ಲಿ ಕೇಳಿದೆ. ಇದೆ ಎಂದ. ಎತ್ತು? ಜೋಡಿ ಎತ್ತಿವೆ ಎಂದ. ಸದ್ಯ, ಬದುಕಿದೆವು ಎಂದುಕೊಂಡೆ.

ಮನೆ ಮುಟ್ಟಿದಾಗ ನೋಡಿದ ನೋಟ ಇನ್ನೂ ಕಣ್ಣ ಮುಂದಿದೆ. ಮನೆಯ ಎಲ್ಲ ಬಾಗಿಲು ಹಾರು ಹೊಡೆದಿದ್ದವು. ಕಬ್ಬಿಣದ ಪೆಟ್ಟಿಗೆಯ ಮುಚ್ಚಳ ತೆಗೆದಿತ್ತು, ಬೀಗಗಳು ಬಾಯಿ ಬಿಟ್ಟುಕೊಂಡು ಹೊಸಿಲ ಮೇಲಿದ್ದವು. ಬಾವಿಯ ಬಿಂದಿಗೆಯಿಂದ ಹಗ್ಗ ಬಿಚ್ಚಿ ಸುತ್ತಿಟ್ಟಿದ್ದರು. ಅಂಗಳದಲ್ಲಿ ರಾಗಿ ಹೂತಿಡುವ ಹಗೇವಿನ ಬಾಯಿಕಲ್ಲನ್ನೂ ಸರಿಸಿದ್ದರು. ಒಳಗಿದ್ದ ಹೆಂಗಸರೆಲ್ಲ ತುರುಬು ಬಿಚ್ಚಿ ಕೂದಲು ಇಳಿಬಿಟ್ಟುಕೊಂಡಿದ್ದರು. ಹೆರಿಗೆ ನಿಂತುಹೋದಾಗ ಮನೆಯಲ್ಲಿ ಒಂದು ಗಂಟೂ ಇರಬಾರದು, ಮುಚ್ಚಿದ್ದು ಒಂದೂ ಇರಬಾರದು ಎನ್ನುವುದು ಅಲ್ಲಿಯ ಪದ್ಧತಿ. ಹೊರಗೆ ಬಿಚ್ಚಿದರೆ ಒಳಗೂ ಬಿಚ್ಚಿಕೊಳ್ಳುತ್ತದೆ ಎಂದು. ಹೊಸದಾಗಿ ಬಂದಾಗ ನನಗೆ ಇದು ನಗುವಿನ ವಿಷಯವಾಗಿತ್ತು. ಆಮೇಲೆ ನಗುವುದನ್ನು ಬಿಟ್ಟಿದ್ದೆ. ಹೆಂಗಸು ಒಳಗೆ ಸಾಯುತ್ತಿರುವಾಗ ಸುಮ್ಮನೆ ಕೂರುವುದಕ್ಕಿಂತ ಒಂದು ಗಂಟು ಬಿಚ್ಚುವುದು ಎಷ್ಟೋ ವಾಸಿ ಎಂದು ನನಗೂ ಅನ್ನಿಸುತ್ತಿತ್ತು.

ಜಯಮ್ಮ ಗೋಡೆಗೆ ಒರಗಿ ಕೂತಿದ್ದಳು. ತುಟಿ ಒಣಗಿತ್ತು. ಹೊಟ್ಟೆ ಉದ್ದಕ್ಕಿಲ್ಲ, ಅಗಲಕ್ಕಿದೆ. ಮುಟ್ಟಿದೆ, ತಲೆ ಎಡಪಕ್ಕದಲ್ಲಿ ಸಿಕ್ಕಿತು. ಕೆಳಗೆ ಆ ಪುಟ್ಟ ಕೈ, ಮೊಣಕೈವರೆಗೆ. ಬಣ್ಣ ಸ್ವಲ್ಪ ನೀಲಿ. ನಾನು ಬೆರಳು ಕೊಟ್ಟೆ. ಅದು ನನ್ನ ಬೆರಳನ್ನು ಹಿಡಿದುಕೊಂಡಿತು.

ಹುಡುಗಿಯರೇ, ಹುಟ್ಟದೇ ಇರುವ ಮಗು ಬೆರಳು ಹಿಡಿದರೆ ಹೇಗಿರುತ್ತದೆ ಎಂದು ನಿಮಗೆ ಗೊತ್ತಾಗದೇ ಇರಲಿ.

"ಗಾಡಿ ಕಟ್ಟು" ಎಂದು ಪಿಳ್ಳಪ್ಪನಿಗೆ ಕೂಗಿ ಹೇಳಿದೆ. ಅವನು ಕೊಟ್ಟಿಗೆಗೆ ಓಡಿದ. ಓಡಿದಷ್ಟೇ ಬೇಗ ವಾಪಸು ಬಂದು ಬಾಗಿಲಲ್ಲಿ ನಿಂತ.

"ಅವ್ವಾ, ಎತ್ತೆಲ್ಲಿ?"

"ಬಿಟ್ಬುಟ್ಟೆ ಕಣಪ್ಪ" ಎಂದಳು ಹನುಮಕ್ಕ. "ದನ, ಎತ್ತು, ಕರ ಎಲ್ಲಾನೂ ಕಣ್ಣಿ ಬಿಚ್ಚಿ ಬಿಟ್ಬುಟ್ಟೆ. ಮನೇಲಿ ಒಂದು ಗಂಟೂ ಇಕ್ಕಿಲ್ಲ. ಆದ್ರೂ ಮಗ ಬತ್ತಿಲ್ವಲ್ಲ ನರ್ಸಮ್ಮ, ಇನ್ನೇನ್ ಬಿಚ್ಚಲಿ ಏಳು."

ಎತ್ತುಗಳು ಕೆರೆಯ ಕಡೆ ಹೋಗಿದ್ದವು. ಸುಗ್ಗಿಯ ದಿನ, ಊರಿನ ಮಿಕ್ಕ ಗಾಡಿಗಳೆಲ್ಲ ಹೊಲದಲ್ಲಿ ಇಲ್ಲವೇ ಪೇಟೆಯ ದಾರಿಯಲ್ಲಿದ್ದವು. ಪಿಳ್ಳಪ್ಪ ಕೆರೆ ಅಂಗಳವನ್ನೆಲ್ಲ ಹುಡುಕಿದ. ಒಂದು ಎತ್ತು ಯಾರದೋ ಅವರೆ ಹೊಲದಲ್ಲಿ ಸಿಕ್ಕಿತು. ಇನ್ನೊಂದು ರೈಲು ಹಳಿ ದಾಟಿ ಅತ್ತ ಹೋಗಿತ್ತು. ನಾನು ಜಯಮ್ಮನ ಸೊಂಟದ ಕೆಳಗೆ ದಿಂಬಿಟ್ಟು, ತಿಣುಕಬೇಡ ತಾಯಿ, ಉಸಿರು ಬಿಡು ಎಂದು ಹೇಳುತ್ತ ಕೂತಿದ್ದೆ. ಅವಳು ಒಂದೇ ಮಾತು ಕೇಳುತ್ತಿದ್ದಳು. "ಇನ್ನೂ ಐತಾ? ಇನ್ನೂ ಐತಾ ನರ್ಸಮ್ಮ?" ಮಗು ಜೀವಂತ ಇದೆಯೇ ಎಂದು. ಇದೆ ಎನ್ನುತ್ತಿದ್ದೆ. ಮೊದಲು ನಿಜ ಹೇಳುತ್ತಿದ್ದೆ. ಎರಡನೇ ಎತ್ತು ಸಿಗುವ ಹೊತ್ತಿಗೆ ಆ ಕೈಯ ಹಿಡಿತ ಬಿಟ್ಟಿತ್ತು. ಆಮೇಲೂ ಇದೆ ಎಂದೇ ಹೇಳಿದೆ.

ಎತ್ತು ಬಂದ ಮೇಲೆ ಇನ್ನೊಂದು ರಗಳೆ. ನೊಗಕ್ಕೆ ಹೂಡಲು ಹೋದರೆ ಹನುಮಕ್ಕ ಅಡ್ಡ ನಿಂತಳು.

"ಬ್ಯಾಡ ಕಣೋ. ಅವಳ ನೋವು ತೀರೋಗಂಟ ಏನೂ ಕಟ್ಬಾರ್ದು. ಇಲ್ಲಿ ಕಟ್ಟಿದ್ರೆ ಅಲ್ಲೂ ಕಟ್ದಂಗೆ."

ಅವಳ ಕಣ್ಣಲ್ಲಿ ಹಟ ಇರಲಿಲ್ಲ, ಹೆದರಿಕೆ ಇತ್ತು. ನಾನು ಅವಳ ತೋಳು ಹಿಡಿದು ಪಕ್ಕಕ್ಕೆ ಸರಿಸಿದೆ. ದೊಡ್ಡವಳು ಎಂದು ನೋಡಲಿಲ್ಲ. ಗಾಡಿ ಹೊರಟಿತು. ಪೇಟೆ ಸೇರುವ ಹೊತ್ತಿಗೆ ದೀಪ ಹಚ್ಚಿದ್ದರು.

ಮಗುವನ್ನು ಅಲ್ಲಿ ಹೇಗೆ ತೆಗೆದರು ಎಂದು ಬರೆಯುವುದಿಲ್ಲ. ಸತ್ತ ಮಗುವಿಗಾಗಿ ತಾಯಿಯ ಹೊಟ್ಟೆ ಕೊಯ್ಯುತ್ತಿರಲಿಲ್ಲ ಆಗ. ಬೇರೆ ಸಾಮಾನು ಇರುತ್ತಿದ್ದವು. ನಿಮ್ಮ ಕಾಲದಲ್ಲಿ ಅವು ಪೆಟ್ಟಿಗೆ ಸೇರಿವೆ, ಅಲ್ಲೇ ಇರಲಿ. ಜಯಮ್ಮ ಉಳಿದಳು. ವಾರವಿಡೀ ಜ್ವರ ಬಂದು, ಸೊರಗಿ, ಮನೆಗೆ ಬಂದಳು. ಮುಂದಿನ ಸಲ ಎಂಟನೇ ತಿಂಗಳಿಂದಲೇ ಆಸ್ಪತ್ರೆಗೆ ಕಳಿಸಬೇಕು ಎಂದು ಅಲ್ಲಿಯ ಡಾಕ್ಟರು ಹೇಳಿ ಕಳಿಸಿದ್ದರು.

ಆಮೇಲೆ ಬಹಳ ಕಾಲ ಅವಳಿಗೆ ಬಸಿರು ನಿಲ್ಲಲಿಲ್ಲ. ಪಿಳ್ಳಪ್ಪನಿಗೆ ಇನ್ನೊಂದು ಹೆಣ್ಣು ನೋಡಬೇಕೆಂದು ನೆಂಟರು ಶುರುಮಾಡಿದ್ದರು. ಹನುಮಕ್ಕ ಅವರನ್ನು ಒಂದೆರಡು ಸಲ ಬೈದು ಕಳಿಸಿದಳು. ಮೂರನೇ ಸಲ ಸುಮ್ಮನಿದ್ದಳು. ಜಯಮ್ಮನಿಗೆ ಆ ಮೌನ ಅರ್ಥವಾಗದೇ ಇರಲಿಲ್ಲ.

ಅಷ್ಟರಲ್ಲಿ ಅರವತ್ತರ ದಶಕ ಬಂದಿತ್ತು. ನಮ್ಮ ಆಸ್ಪತ್ರೆಗೆ ಒಂದು ಹಳೆಯ ಜೀಪು ಬಂತು. ಬಸುರಿಯರು ತಿಂಗಳಿಗೊಮ್ಮೆ ತಾವೇ ಬಂದು ತೋರಿಸಿಕೊಳ್ಳುವ ಏರ್ಪಾಡು ಶುರುವಾಯಿತು. ನಾಲ್ಕು ಜನ ಬಂದರೆ ನಮಗೆ ಜಾತ್ರೆ. ಅಂಥ ಒಂದು ಬೆಳಿಗ್ಗೆ ಜಯಮ್ಮ ರೈಲು ಹಳಿಯ ಪಕ್ಕದ ದಾರಿಯಲ್ಲಿ ಒಬ್ಬಳೇ ನಡೆದು ಬಂದು ಬೆಂಚಿನ ತುದಿಯಲ್ಲಿ ಕೂತಿದ್ದಳು. ಸೆರಗು ಸರಿಸಿ ಹೊಟ್ಟೆ ತೋರಿಸಿದಳು. ಏಳು ತುಂಬುತ್ತಾ ಬಂದಿತ್ತು.

"ಎಂಗೈತೆ ನೋಡಿ ನರ್ಸಮ್ಮ. ನೆಟ್ಟಗೈತಾ?"

ಕೈ ಬೆಚ್ಚಗೆ ಮಾಡಿಕೊಂಡು ಮುಟ್ಟಿದೆ. ತಲೆ ಎಡಪಕ್ಕದಲ್ಲಿ. ಹೋದ ಸಲ ಇದ್ದ ಜಾಗದಲ್ಲೇ.

ನನ್ನ ಮುಖ ನೋಡಿ ಅವಳಿಗೆ ತಿಳಿಯಿತು. "ಅಡ್ಡ ಐತಾ?" ಎಂದಳು. ಇನ್ನೂ ಕಾಲ ಇದೆ, ತಿರುಗುತ್ತೆ ಎಂದೆ.

"ಇದೊಂದು ಬದುಕ್ಲಿ. ನಾನು ಎಂಗಾದ್ರೂ ಆಗ್ಲಿ. ಇದೊಂದು ಓದ್ರೆ ಅವ್ರು ಇನ್ನೊಬ್ಬಳ್ನ ತತ್ತಾರೆ. ನಮ್ಮತ್ತೆಗೂ ಬ್ಯಾಡ ಅನ್ನೋ ಧೈರ್ಯ ಇಲ್ಲ ಈಗ."

ಡಾಕ್ಟರಮ್ಮ ಬಂದು ನೋಡಿದರು. ಎಂಟನೇ ತಿಂಗಳಲ್ಲಿ ಹೊರಗಿನಿಂದಲೇ ತಿರುಗಿಸಲು ನೋಡೋಣ ಎಂದರು. ಆಗ ಅದು ನಡೆಯುತ್ತಿತ್ತು: ಒಂದು ಕೈ ತಲೆಗೆ, ಒಂದು ಕೈ ಕುಂಡಿಗೆ, ಹಿಟ್ಟು ನಾದುವಷ್ಟು ಬಲವೂ ಬೇಡ, ಮೆಲ್ಲಗೆ, ಮಗು ಒಪ್ಪಿದರೆ ಮಾತ್ರ. ಡಾಕ್ಟರಮ್ಮ ತಿರುಗಿಸಿದರು. ತಲೆ ಕೆಳಗೆ ಬಂತು. ಜಯಮ್ಮ ಮೊದಲ ಬಾರಿಗೆ ನಕ್ಕಳು. ಮುಂದಿನ ವಾರ ನೋಡಿದರೆ ಮಗು ತನ್ನ ಹಳೆಯ ಜಾಗಕ್ಕೇ ಹೋಗಿತ್ತು. ಮತ್ತೆ ತಿರುಗಿಸಿದರು, ಮತ್ತೆ ಹೋಯಿತು. ಮೂರನೇ ಸಲ ಡಾಕ್ಟರಮ್ಮ ಕೈ ತೆಗೆದರು.

"ಅದಕ್ಕೆ ಇಷ್ಟ ಇಲ್ಲ. ಬಲವಂತ ಮಾಡಲ್ಲ ನಾನು. ದೊಡ್ಡಾಸ್ಪತ್ರೆಗೆ ಬರೀತೀನಿ. ಬರೋ ಸೋಮವಾರ ಅಲ್ಲಿ ಸೇರಿಸಿಬಿಡಿ. ನೋವು ಶುರುವಾಗೋಕ್ ಮುಂಚೆ ಹೊಟ್ಟೆ ಕೊಯ್ದು ತೆಗೀತಾರೆ."

ಪಿಳ್ಳಪ್ಪ ಒಪ್ಪಿದ. ಹನುಮಕ್ಕನನ್ನು ಒಪ್ಪಿಸುವುದು ನನ್ನ ಪಾಲಿಗೆ ಬಂತು. ಕೊಡಿಗೇಹಳ್ಳಿಗೆ ಹೋಗಿ ಅವಳ ಜಗುಲಿಯ ಮೇಲೆ ಕೂತೆ. ಅವರೆಕಾಯಿ ಸುಲಿಯುತ್ತಿದ್ದಳು. ನಾನೂ ಒಂದು ಹಿಡಿ ತೆಗೆದುಕೊಂಡು ಸುಲಿಯತೊಡಗಿದೆ. ಆಸ್ಪತ್ರೆಗೆ ಸೇರಿಸುವುದಕ್ಕೆ ಅವಳು ಬೇಡವೆನ್ನಲಿಲ್ಲ. ನನಗೆ ಆಶ್ಚರ್ಯವಾಯಿತು.

"ಸೋಮಾರಕ್ಕೆ ಮುಂಚೆ ನೋವು ಬಂದ್ರೆ?" ಎಂದು ನಾನೇ ತೆಗೆದೆ. "ಪಿಳ್ಳಪ್ಪ ಸೈಕಲ್ ಹತ್ತಿ ನನ್ನ ಹತ್ರ ಬರಲಿ. ಜೀಪು ತರ್ತೀನಿ. ನಿಮ್ಮೂರ ಒಳಗೆ ಜೀಪು ಬರಲ್ಲ, ಕೆಸರು. ನೀನು ಗಾಡೀಲಿ ಅವಳನ್ನ ಬಳ್ಳಾರಿ ರಸ್ತೆವರೆಗೂ ತರಬೇಕು."

ಅವಳ ಕೈ ನಿಂತಿತು. "ನೋವು ಬಂದ್ಮೇಕೆ ಎತ್ತು ಕಟ್ಟಾದಾ?"

"ಮಿಕ್ಕಿದ್ದೆಲ್ಲ ಬಿಚ್ಚು, ಹನುಮಕ್ಕ. ಬಾಗ್ಲು ತೆಗಿ, ಬೀಗ ತೆಗಿ, ಹಗೇವು ತೆಗಿ. ನಾನೇನೂ ಅನ್ನಲ್ಲ. ಎತ್ತು ಮಾತ್ರ ಕೊಟ್ಟಿಗೇಲಿರಲಿ. ಹೋದ ಸಲ ಏನಾಯ್ತು ನೋಡಿದೀಯಲ್ಲ."

ಅವಳು ಸಿಪ್ಪೆಯನ್ನೆಲ್ಲ ಒಂದು ಕಡೆ ಗುಡ್ಡೆ ಮಾಡಿದಳು.

"ನಮ್ಮವ್ವನ ಕಾಲ್ದಿಂದ ಬಂದಿದ್ದು ಕಣಮ್ಮ ಇದು. ಯಾರೂ ಕಟ್ಟಿಲ್ಲ. ಆಗ್ಲಿ, ನೀನ್ ಏಳ್ತಿದ್ದೀಯ ಅಂತ ಕಟ್ತೀನಿ. ನಿನ್ ಕೈ ಒಳ್ಳೇದು" ಎಂದಳು.

ಗೆದ್ದೆ ಎಂದುಕೊಂಡು ವಾಪಸು ಬಂದೆ. ದಾರಿಯುದ್ದಕ್ಕೂ ನನ್ನ ಬೆನ್ನು ನಾನೇ ತಟ್ಟಿಕೊಳ್ಳುತ್ತಿದ್ದೆ.

ಭಾನುವಾರ ಬೆಳಿಗ್ಗೆ ಪಿಳ್ಳಪ್ಪ ಬಂದ. ನೀರು ಒಡೆದಿದೆ, ನೋವು ಈಗತಾನೆ ಹಿಡಿದಿದೆ ಎಂದ. ಡಾಕ್ಟರಮ್ಮ ತಾವೇ ಜೀಪು ಹತ್ತಿದರು. ಕೊಡಿಗೇಹಳ್ಳಿಯ ದಾರಿ ಬಳ್ಳಾರಿ ರಸ್ತೆಗೆ ಕೂಡುವ ಕಡೆ ಬರುವ ಹೊತ್ತಿಗೆ ಗಾಡಿ ಅಲ್ಲಿ ನಿಂತಿತ್ತು. ಮುಂದೆ ಮೂಕಿಮರದ ಮೇಲೆ ಹನುಮಕ್ಕ ಕೂತಿದ್ದಳು. ತುರುಬು ಬಿಚ್ಚಿ ನರೆತ ಕೂದಲು ಬೆನ್ನ ತುಂಬ ಹರಡಿತ್ತು, ಕೈಯಲ್ಲಿ ಹಗ್ಗ. ಯಾವ ಗಂಡಸನ್ನೂ ಕಾಯದೆ ತಾನೇ ಎತ್ತು ಹೂಡಿ ಗಾಡಿ ಹೊಡೆದುಕೊಂಡು ಬಂದಿದ್ದಳು.

"ನನ್ ಕೈಯಾರೆ ಕಟ್ಟಿವ್ನಿ ನರ್ಸಮ್ಮ" ಎಂದಳು.

ಒಳ್ಳೇದು ಮಾಡಿದೆ ಎಂದೆ. ಜಯಮ್ಮನನ್ನು ಜೀಪಿಗೆ ಎತ್ತಿಕೊಂಡೆವು. ಗಾಡಿಯನ್ನು ರಸ್ತೆಯಲ್ಲಿದ್ದವರಿಗೆ ಒಪ್ಪಿಸಿ ಹನುಮಕ್ಕ, ಪಿಳ್ಳಪ್ಪ ಇಬ್ಬರೂ ಹತ್ತಿದರು. ಕೈ ಬಂದಿರಲಿಲ್ಲ, ಎದೆಬಡಿತ ಚೆನ್ನಾಗಿತ್ತು. ಹೆಬ್ಬಾಳದ ಕೆರೆ ದಾಟುವಾಗ ಕೊಳವೆ ಇಟ್ಟು ಕೇಳಿದೆ, ಜೀಪಿನ ಸದ್ದಿನಲ್ಲೂ ಕೇಳಿಸಿತು. "ಇನ್ನೂ ಐತಾ?" ಎಂದು ಅವಳು ಕೇಳಿದಳು. ಐತೆ ಎಂದೆ. ಈ ಸಲ ಸುಳ್ಳು ಹೇಳುವ ಪ್ರಮೇಯವೇ ಬರಲಿಲ್ಲ. ಆಪರೇಶನ್ ಕೋಣೆಗೆ ಒಯ್ಯುವ ತನಕ ಐತೆ, ಐತೆ ಎಂದು ಹೇಳುತ್ತಲೇ ಇದ್ದೆ.

ಹೆಣ್ಣು ಮಗು. ಬಾಯಿ ತುಂಬ ಅತ್ತಿತು. ಅದನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. ಹೊರಗೆ ತಂದು ಹನುಮಕ್ಕನ ಮಡಿಲಿಗೆ ಹಾಕಿದೆ. ಅವಳು ಅದರ ಬಲಗೈಯನ್ನು ಬಟ್ಟೆಯಿಂದ ಬಿಡಿಸಿ ತೆಗೆದು ಒಂದೊಂದೇ ಬೆರಳು ನೋಡಿದಳು.

ಒಳಗೆ ರಕ್ತ ನಿಲ್ಲಲಿಲ್ಲ.

ಪಿಳ್ಳಪ್ಪನ ರಕ್ತ ತೆಗೆದುಕೊಂಡರು. ಹನುಮಕ್ಕ ತನ್ನದನ್ನೂ ತೆಗೆಯಿರಿ ಎಂದು ತೋಳು ಚಾಚಿದಳು, ಅವಳ ರಕ್ತ ಹೊಂದಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಜಯಮ್ಮ ಹೋಗಿಬಿಟ್ಟಳು. ಮಗಳು ಅತ್ತದ್ದನ್ನು ಅವಳು ಕೇಳಿದಳೋ ಇಲ್ಲವೋ ಎಂದು ನಾನು ಯಾರನ್ನೂ ಕೇಳಲಿಲ್ಲ.

ವಾಪಸು ಬರುವಾಗ ಜೀಪಿನಲ್ಲಿ ಡಾಕ್ಟರಮ್ಮ ತಾವಾಗಿಯೇ ಮಾತು ತೆಗೆದರು. ಬೈಗುಳದ ದನಿ ಇರಲಿಲ್ಲ. "ಗರ್ಭಕೋಶ ಒಂದು ಕಡೆ ಕಾಗದದ ಹಾಗೆ ತೆಳ್ಳಗಾಗಿತ್ತಂತೆ. ಅಲ್ಲೇ ಹರಿದಿದೆ. ಇವತ್ತು ಆಗಿದ್ದಲ್ಲ ಅದು. ಹೋದ ಸಲ ಅಷ್ಟು ಹೊತ್ತು ಅಡ್ಡ ಮಗು ಇಟ್ಟುಕೊಂಡು ನೋವು ತಿಂದಳಲ್ಲ, ಅವತ್ತೇ ನೊಂದಿದ್ದು" ಎಂದರು. ನಾನು ಕಿಟಕಿಯ ಕಡೆ ತಿರುಗಿದೆ. ಹೆಬ್ಬಾಳದ ಕೆರೆ ಬಂತು, ಹೋಯಿತು.

ವರ್ಷ ತುಂಬಿದ ಮೇಲೆ ಪಿಳ್ಳಪ್ಪನಿಗೆ ಮದುವೆಯಾಯಿತು. ಅವನನ್ನು ದೂರುವುದಿಲ್ಲ. ಮಗುವಿಗೆ ಭಾಗ್ಯ ಎಂದು ಹೆಸರಿಟ್ಟಿದ್ದರು, ಹನುಮಕ್ಕನೇ ಸಾಕಿದಳು. ನಾನು ಆ ಕಡೆ ಹೋದಾಗಲೆಲ್ಲ ಅವರ ಮನೆಗೆ ಹೋಗುತ್ತಿದ್ದೆ. ಮೊದಮೊದಲು ನನ್ನ ಕಣ್ಣಿಗೆ ಬೀಳಲಿಲ್ಲ. ಮಗುವಿನ ಸೊಂಟಕ್ಕೆ ಉಡುದಾರವಿಲ್ಲ. ಕೈಗೆ ಕಪ್ಪು ದಾರವಿಲ್ಲ. ಅಂಗಿಯ ಲಾಡಿ ಹಾಗೇ ನೇತಾಡುತ್ತಿತ್ತು. ಎತ್ತುಗಳನ್ನು ಮಾರಿದ್ದರು, ಹೊಸ ಸೊಸೆ ಬೈದುಕೊಂಡಳು, ಊರವರು ಮುದುಕಿಗೆ ತಲೆ ಕೆಟ್ಟಿದೆ ಎಂದರು. ಹನುಮಕ್ಕ ತನ್ನ ಕೈಯಾರೆ ಆಮೇಲೆ ಒಂದು ಗಂಟನ್ನೂ ಹಾಕಲಿಲ್ಲ. ಸೊಪ್ಪಿನ ಕಂತೆಯನ್ನು ಕೂಡ ಬೇರೆಯವರು ಕಟ್ಟಬೇಕಿತ್ತು. ನನ್ನ ಮೇಲೆ ಒಂದು ಕೆಟ್ಟ ಮಾತು ಆಡಲಿಲ್ಲ. ಹೋದಾಗಲೆಲ್ಲ ಕಾಯಿಸಿದ ಹಾಲು ಕೊಡುತ್ತಿದ್ದಳು. ಆ ಹಾಲನ್ನು ನಾನು ಭಾಗ್ಯಳಿಗೆ ಕುಡಿಸಿಬಿಡುತ್ತಿದ್ದೆ.

ಭಾಗ್ಯ ಸ್ಕೂಲಿಗೆ ಸೇರಿದ ವರ್ಷ ಒಂದು ಬೆಳಿಗ್ಗೆ ಹೋಗಿದ್ದೆ. ಹುಡುಗಿ ಕೂದಲು ಕೆದರಿಕೊಂಡೇ ಹೊರಟಿತ್ತು. ಟೀಚರು ಬೈಯುತ್ತಾರೆ ಎಂದು ಅಳು ಬೇರೆ. ನಾನು ಅವಳನ್ನು ಮುಂದೆ ಕೂರಿಸಿಕೊಂಡು, ಬಾಚಿ, ಎರಡು ಜಡೆ ಹಾಕಿ, ಚೀಲದಲ್ಲಿದ್ದ ಬ್ಯಾಂಡೇಜಿನ ಪಟ್ಟಿಯನ್ನೇ ರಿಬ್ಬನ್ನಿನ ಹಾಗೆ ಕಟ್ಟಿದೆ. ಹುಡುಗಿ ಕನ್ನಡಿ ನೋಡಿಕೊಂಡು ಕುಣಿಯಿತು. ಹನುಮಕ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಹತ್ತಿರ ಬಂದು ಕೂತು, ಒಂದು ಜಡೆಯನ್ನು ಕೈಗೆ ತೆಗೆದುಕೊಂಡು, ನಾನು ಹಾಕಿದ್ದ ಗಂಟನ್ನು ಮೆಲ್ಲಗೆ ಬಿಚ್ಚಿದಳು.

"ನಿನ್ ಕೈ ಒಳ್ಳೇದೇ ಕಣಮ್ಮ. ಆದ್ರೂ ಬ್ಯಾಡ" ಎಂದಳು.

ನನಗೆ ತಡೆಯಲಾಗಲಿಲ್ಲ. "ಹನುಮಕ್ಕ, ಅವಳು ಸತ್ತಿದ್ದು ನೀನು ಎತ್ತು ಕಟ್ಟಿದ್ದಕ್ಕಲ್ಲ. ಎಷ್ಟು ಸಲ ಹೇಳ್ಲಿ? ನೀನು ಕಟ್ಟಿದ್ದಕ್ಕೇ ಈ ಮಗು ಬದುಕಿದ್ದು. ಅವಳು ಸತ್ತಿದ್ದು ಅದಕ್ಕಲ್ಲ."

ಅವಳು ತಲೆ ಎತ್ತಿ ನನ್ನನ್ನೇ ನೋಡಿದಳು. ಜಗಳದ ನೋಟವಲ್ಲ ಅದು. ನಿಜವಾಗಿಯೂ ತಿಳಿದುಕೊಳ್ಳಬೇಕೆಂದೇ ಕೇಳಿದಳು:

"ಮತ್ತೆ ಯಾತಕ್ಕೆ ಸತ್ಲು, ನರ್ಸಮ್ಮ?"

ಉತ್ತರ ನನಗೆ ಗೊತ್ತಿತ್ತು. ಜೀಪಿನಲ್ಲಿ ಡಾಕ್ಟರಮ್ಮ ಹೇಳಿದ್ದು, ಕೆರೆ ಅಂಗಳದಲ್ಲಿ ಎತ್ತು ಹುಡುಕಿದ ಆ ಮಧ್ಯಾಹ್ನ, ಎಲ್ಲವೂ ನಾಲಗೆಯ ತುದಿಗೆ ಬಂತು. ಕಟ್ಟಿದ್ದಕ್ಕಲ್ಲ ಎಂದು ಅವಳನ್ನು ಬಿಡಿಸಬೇಕಾದರೆ, ಬಿಚ್ಚಿದ್ದಕ್ಕೆ ಎಂದು ಹೇಳಬೇಕಿತ್ತು.

"ದೇವರಿಗೇ ಗೊತ್ತು" ಎಂದೆ.

ಅವಳು ಹೂಂ ಎಂದಳು. ಭಾಗ್ಯ ಇನ್ನೊಂದು ಜಡೆಯನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡು ನನ್ನ ಮುಖ ನೋಡಿತು, ಬಿಚ್ಚಬೇಡ ಎಂದು ನಾನು ಅವಳ ಅಜ್ಜಿಗೆ ಹೇಳುತ್ತೇನೆ ಎಂದು. ನಾನು ಆ ಪುಟ್ಟ ಕೈಗಳನ್ನು ಹಿಡಿದು ಪಕ್ಕಕ್ಕೆ ಸರಿಸಿ, ಹನುಮಕ್ಕ ಆ ಗಂಟನ್ನೂ ಬಿಚ್ಚಲು ಬಿಟ್ಟೆ.